ವಾಟ ಎಲ್ಲಿ ಹೋಯಿತು?

ನಮಸ್ಕಾರ.

ನಿಮ್ಮ ‘ಭೂಮಿಯ ಒಡಲು ಸೀಳಿದ ಉಕ್ಕಿನ ದೈತ್ಯ’ ಲೇಖನ ಹೋದ ವಾರವೇ ಬಂದಿತ್ತು. ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಪಕ್ಕಕ್ಕಿಟ್ಟೆ. ಎರಡನೇ ಸಲವೂ ಸಿಟ್ಟು ಇಳಿಯಲಿಲ್ಲ, ಆದರೆ ಯಾಕೆ ಬಂತು ಅನ್ನುವುದು ಗೊತ್ತಾಯಿತು. ‘ನಿಮ್ಮ ಲೇಖನವನ್ನು ಪ್ರಕಟಿಸಲಾಗುತ್ತಿಲ್ಲ’ ಅಂತ ಮಾಮೂಲಿ ಎರಡು ಸಾಲು ಕಳಿಸಿ ಸುಮ್ಮನಾಗಬಹುದಿತ್ತು. ಮನಸ್ಸು ಒಪ್ಪಲಿಲ್ಲ, ಅದಕ್ಕೇ ಈ ಪತ್ರ. ನಿಮ್ಮ ಹೆಸರು ತೆಗೆದು ಸಲಹೆ ಅಂಕಣದಲ್ಲೂ ಹಾಕುತ್ತಿದ್ದೇನೆ, ಬೇಜಾರಾಗಬೇಡಿ.

ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ. ವಿಷಯ ಚೆನ್ನಾಗಿದೆ, ಇಂಥದ್ದನ್ನು ಬರೆಯೋಣ ಅಂತ ಹೊರಡುವವರೇ ಕಡಿಮೆ. ಕಾಗುಣಿತ ತಪ್ಪಿಲ್ಲ. ಇಸವಿಗಳು ಸರಿ ಇವೆ. ಹೊಗಳಿಕೆ ಮುಗಿಯಿತು.

ಬೇರೆಯವರೂ ಓದುತ್ತಾರಲ್ಲ, ಅವರಿಗಾಗಿ ಲೇಖನದ ಸಾರ ಇಷ್ಟು. ಅಮೆರಿಕದ ಒಹಾಯೊ ರಾಜ್ಯದ ವಾಯವ್ಯ ಮೂಲೆಯಲ್ಲಿ ‘ಗ್ರೇಟ್ ಬ್ಲ್ಯಾಕ್ ಸ್ವಾಂಪ್’ ಅಂತ ದೊಡ್ಡ ಜೌಗು ಇತ್ತು, ಸುಮಾರು 190 ಕಿಲೋಮೀಟರ್ ಉದ್ದ. ಕೆಳಗೆ ಜೇಡಿ ಮಣ್ಣು, ಮೇಲೆ ತಟ್ಟೆಯ ಹಾಗೆ ಸಪಾಟು ನೆಲ, ನೀರು ಎಲ್ಲಿಗೂ ಹೋಗುವುದಿಲ್ಲ. ರೈತರು ಗುದ್ದಲಿ ಹಿಡಿದು ಕಾಲುವೆ ತೋಡಿ, ಅದರೊಳಗೆ ಸುಟ್ಟ ಮಣ್ಣಿನ ಕೊಳವೆ ಇಟ್ಟು ಮುಚ್ಚಿ ನೀರು ಬಸಿಯುತ್ತಿದ್ದರು. ಆ ತೋಡುವ ಕೆಲಸಕ್ಕೆ ಜೇಮ್ಸ್ ಹಿಲ್ ಅನ್ನುವವರು ಉಗಿ ಯಂತ್ರವೊಂದನ್ನು ಕಟ್ಟಿ 1894ರಲ್ಲಿ ಪೇಟೆಂಟ್ ಪಡೆದರು. ಬಕೈ ಡಿಚರ್ ಅಂತ ಹೆಸರಾಯಿತು. 1902ರ ಒಂದು ಯಂತ್ರ ಇವತ್ತಿಗೂ ಅದೇ ರಾಜ್ಯದ ಫಿಂಡ್ಲೆ ಊರಿನ ಮ್ಯೂಸಿಯಂನಲ್ಲಿದೆ. ನಿಮ್ಮ ಲೇಖನ ಆ ಯಂತ್ರಕ್ಕೆ ಆದ ಸುಧಾರಣೆಗಳ ಬಗ್ಗೆ. ಹಾಗಂತ ನೀವು ಹೇಳುತ್ತೀರಿ.

ಈಗ ನನ್ನ ತಕರಾರು. ಲೇಖನದ ಜೊತೆಗಿನ ಪತ್ರದಲ್ಲಿ ಒಂದು ಸಾಲಿದೆ: “ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದೇನೆ, ಪೇಟೆಂಟ್ ಚಿತ್ರಗಳನ್ನೂ ನೋಡಿದ್ದೇನೆ, ಆದರೆ ಸಾಮಾನ್ಯ ಓದುಗರಿಗೆ ಅರ್ಥವಾಗದೆಂದು ತಾಂತ್ರಿಕ ವಿವರಗಳನ್ನು ಬಿಟ್ಟಿದ್ದೇನೆ.” ನನ್ನ ಸಿಟ್ಟೆಲ್ಲ ಇದರ ಮೇಲೆ. ಯಂತ್ರದ ಬಗ್ಗೆ ಬರೆಯುತ್ತೀರಿ, ಯಂತ್ರ ನಿಮಗೆ ಗೊತ್ತು, ಆದರೂ ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೀರಿ. ಹೋಳಿಗೆಗೆ ಕರೆದು ಬರೀ ಕಣಕ ಬಡಿಸಿದ ಹಾಗಾಯಿತು. ಓದುವವರು ಯಾರು ಅಂದುಕೊಂಡಿರಿ? ಪಂಪ್‌ಸೆಟ್ಟಿನ ಫುಟ್‌ವಾಲ್ವ್ ತಾವೇ ಬಿಚ್ಚಿ ರಿಪೇರಿ ಮಾಡಿಕೊಳ್ಳುವವರು, ಗಾಡಿಯ ಶಬ್ದ ಕೇಳಿಯೇ ಚೈನ್ ಸಡಿಲಾಗಿದೆ ಅನ್ನುವವರು. ಅವರಿಗೆ ಅರ್ಥವಾಗಲ್ಲವಂತೆ!

ನಿಮ್ಮ ಸಾಲುಗಳನ್ನೇ ತೆಗೆದುಕೊಳ್ಳೋಣ.

“ಹಿಲ್ ಅವರ ಯಂತ್ರದಲ್ಲಿ ಬೃಹತ್ ಚಕ್ರವೊಂದನ್ನು ಅಳವಡಿಸಲಾಗಿದ್ದು, ಅದು ದೈತ್ಯನಂತೆ ನೆಲವನ್ನು ಸೀಳುತ್ತಾ ಸಾಗುತ್ತಿತ್ತು.”

ದೈತ್ಯ ನೆಲ ಸೀಳುವುದನ್ನು ನಾನು ನೋಡಿಲ್ಲ, ನೀವೂ ನೋಡಿಲ್ಲ. ಆ ಚಕ್ರದ ವಿಶೇಷ ಏನು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಸೈಕಲ್ ಚಕ್ರ ನೆನಪಿಸಿಕೊಳ್ಳಿ. ನಡುವೆ ಅಚ್ಚು ಇದೆ. ಅದನ್ನು ನೆಲದೊಳಗೆ ಇಳಿಸುತ್ತಾ ಹೋದರೆ ಎಷ್ಟು ಆಳ ಹೋಗುತ್ತದೆ? ಅರ್ಧವೂ ಪೂರ್ತಿ ಹೋಗುವುದಿಲ್ಲ, ಅಷ್ಟರಲ್ಲಿ ಅಚ್ಚು ನೆಲಕ್ಕೆ ಬಡಿಯುತ್ತದೆ. ಅಂದರೆ 4 ಅಡಿ ಆಳದ ಕಾಲುವೆಗೆ 8 ಅಡಿಗಿಂತ ದೊಡ್ಡ ಚಕ್ರ ಬೇಕು. ಹಿಲ್ ಯಂತ್ರದ ಚಕ್ರಕ್ಕೆ ನಡುವೆ ಅಚ್ಚೇ ಇಲ್ಲ. ಅದು ಬಳೆ. ಸುತ್ತ ಮಣ್ಣು ಕೆರೆಯುವ ಬಕೆಟ್‌ಗಳು, ಒಳಗಿನಿಂದ ಹಿಡಿದುಕೊಳ್ಳಲು ಸಣ್ಣ ಗಾಲಿಗಳು. ತಿರುಗಿಸುವ ಬಲ ಬರುವುದು ಅಂಚಿನ ಹಲ್ಲಿನಿಂದ, ನಡುವಿನಿಂದ ಅಲ್ಲ. ಹಾಗಾಗಿ ಚಕ್ರ ಅರ್ಧಕ್ಕಿಂತ ಜಾಸ್ತಿ ನೆಲದೊಳಗೆ ಮುಳುಗಿಯೂ ಕೆಲಸ ಮಾಡುತ್ತದೆ. ಬಕೆಟ್ ತಳದಲ್ಲಿ ಮಣ್ಣು ತುಂಬಿಕೊಂಡು ಮೇಲೆ ಬಂದು ಸುರಿಯುತ್ತದೆ, ಒಂದು ಬೆಲ್ಟು ಅದನ್ನು ಪಕ್ಕಕ್ಕೆ ಸಾಗಿಸುತ್ತದೆ. ನೋಡಿ, ಇಷ್ಟಕ್ಕೆ ಹತ್ತು ಹನ್ನೆರಡು ಸಾಲು ಸಾಕಾಯಿತು. ನನಗೆ ಯಾವ ಡಿಪ್ಲೊಮಾನೂ ಇಲ್ಲ.

ಮುಂದಿನ ಪ್ಯಾರಾ: “ಕಾಲುವೆಯ ತಳದಲ್ಲಿ ಹೆಂಚುಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಲಾಗುತ್ತಿತ್ತು.”

ಹೆಂಚು ಅಂದ ಕೂಡಲೇ ನನ್ನ ತಲೆಗೆ ಬಂದದ್ದು ಮಂಗಳೂರು ಹೆಂಚು. ಮನೆ ಮಾಡಿನ ಮೇಲಿರಬೇಕಾದ್ದು ಗದ್ದೆ ಒಳಗೆ ಯಾಕೆ ಹೋಯಿತು ಅಂತ ಓದುಗ ತಲೆ ಕೆರೆದುಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ‘ಟೈಲ್’ ಅಂತಿತ್ತು, ನೀವು ಹೆಂಚು ಅಂತ ಮಾಡಿದಿರಿ. ಬಹಳ ಹಿಂದೆ ಅವು ಲಾಳದ ಆಕಾರದಲ್ಲಿ, ನಿಜಕ್ಕೂ ಹೆಂಚಿನ ಹಾಗೇ ಇದ್ದವು. ಆಮೇಲೆ ದುಂಡು ಕೊಳವೆಗಳು ಬಂದರೂ ಹೆಸರು ಹಾಗೇ ಉಳಿಯಿತು. ಕೊಳವೆ ಅನ್ನಿ ಸಾಕು. ಸುಮಾರು ಒಂದೊಂದು ಅಡಿ ಉದ್ದದವು. ಸಿಮೆಂಟಿಲ್ಲದೆ ಬಾಯಿಗೆ ಬಾಯಿ ತಾಗಿಸಿ ಇಡುತ್ತಿದ್ದರು. ಆ ಸಂದುಗಳಿಂದಲೇ ಮಣ್ಣಿನ ನೀರು ಒಳಗೆ ಇಳಿಯುವುದು. ಇದನ್ನು ಹೇಳದಿದ್ದರೆ ಮುಂದಿನದು ಯಾವುದೂ ಗೊತ್ತಾಗುವುದಿಲ್ಲ.

ಈಗ ಬಂತು ನನ್ನನ್ನು ಕೆರಳಿಸಿದ ಸಾಲು.

“ತದನಂತರ ಯಂತ್ರದ ನಿಖರತೆಯನ್ನು ಹೆಚ್ಚಿಸುವ ನಿಟ್ಟಿನಲ್ಲಿ ಅನೇಕ ಸುಧಾರಣೆಗಳನ್ನು ಕೈಗೊಳ್ಳಲಾಯಿತು.”

ಎಂಥ ನಿಖರತೆ? ಯಾರಿಗೆ ಬೇಕಿತ್ತು? ಇಡೀ ಲೇಖನದ ಜೀವ ಈ ಒಂದು ಸಾಲಿನ ಕೆಳಗೆ ಹೂತು ಹೋಗಿದೆ. ಅದರ ಹೆಸರು ವಾಟ. ಬಚ್ಚಲ ಮನೆಗೆ ನೆಲ ಹಾಕುವಾಗ ಮೇಸ್ತ್ರಿ ‘ನೀರಿಗೆ ವಾಟ ಕೊಡಬೇಕು’ ಅನ್ನುತ್ತಾನಲ್ಲ, ಅದೇ ವಾಟ. ಆ ಜೌಗು ನೆಲ ಎಷ್ಟು ಸಪಾಟು ಅಂದರೆ, 100 ಅಡಿ ಕೊಳವೆಗೆ ಒಂದೋ ಎರಡೋ ಇಂಚು ಇಳಿಜಾರು ಸಿಕ್ಕಿದರೆ ಪುಣ್ಯ. ಅಷ್ಟು ಸಣ್ಣ ವಾಟದಲ್ಲಿ ನಡುವೆ ಎಲ್ಲೋ ಒಂದು ಕಡೆ ತಳ ತಗ್ಗಾದರೆ ಅಲ್ಲಿ ನೀರು ನಿಲ್ಲುತ್ತದೆ, ನೀರಿನ ಜೊತೆ ಬಂದ ನುಣ್ಣನೆ ಮಣ್ಣು ಅಲ್ಲೇ ಕೂರುತ್ತದೆ, ಒಂದು ದಿನ ಕೊಳವೆ ಕಟ್ಟುತ್ತದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಹೊಲ ಮಾತ್ರ ಮತ್ತೆ ಜೌಗು. ಬೇಗ ಅಗೆಯುವ ಯಂತ್ರ ಮಾಡುವುದು ಒಂದು ಕಷ್ಟ. ಉಬ್ಬು ತಗ್ಗಿನ ನೆಲದ ಮೇಲೆ ತಾನು ಕುಲುಕಾಡುತ್ತಾ ಹೋದರೂ ಕೆಳಗೆ ನೇರ ವಾಟದ ತಳ ಬಿಡುವ ಯಂತ್ರ ಮಾಡುವುದು ಅದಕ್ಕಿಂತ ದೊಡ್ಡ ಕಷ್ಟ.

ಅದನ್ನು ಹೇಗೆ ಮಾಡಿದರು? ಮೊದಲು ಹೊಲದುದ್ದಕ್ಕೂ ಗೂಟ ಹೊಡೆದು, ಮಟ್ಟ ನೋಡಿ, ಗೂಟಕ್ಕೊಂದು ಅಡ್ಡಪಟ್ಟಿ ಕಟ್ಟುವುದು. ಪ್ರತಿ ಪಟ್ಟಿಯೂ ಮುಂದೆ ಬರಬೇಕಾದ ಕಾಲುವೆಯ ತಳದಿಂದ ಒಂದೇ ಎತ್ತರದಲ್ಲಿರಬೇಕು. ಅಂದರೆ ತಳಕ್ಕೆ ಬೇಕಾದ ವಾಟವನ್ನೇ ಎತ್ತಿ ಗಾಳಿಯಲ್ಲಿ ಇಟ್ಟ ಹಾಗೆ. ಯಂತ್ರದ ಮೇಲೆ ಗುರಿ ನೋಡಲು ಒಂದು ಕಂಬಿ. ನಡೆಸುವವನು ಆ ಕಂಬಿಯ ಮೇಲಿಂದ ಸಾಲು ಪಟ್ಟಿಗಳ ಕಡೆ ಕಣ್ಣು ನೆಟ್ಟು, ಕಂಬಿ ಕೆಳಗಾದರೆ ಅಗೆಯುವ ಚಕ್ರವನ್ನು ಚೂರು ಎತ್ತುವುದು, ಮೇಲಾದರೆ ಚೂರು ಇಳಿಸುವುದು, ಹೀಗೆ ದಿನವಿಡೀ. ಚಕ್ರದ ಹಿಂದೆ ಒಂದು ಉಕ್ಕಿನ ಬೂಟು ತಳವನ್ನು ನಯ ಮಾಡುತ್ತಾ ಬರುತ್ತದೆ, ಉದುರಿದ ಮಣ್ಣಿನ ಮೇಲೆ ಕೊಳವೆ ಕೂರಬಾರದು ಅಂತ. ಲೇಸರ್ ಬಂದದ್ದು 1960ರ ದಶಕದಲ್ಲಿ. ಅಲ್ಲಿಯ ತನಕ ಈ ಕಣ್ಣು, ಈ ಕೈ. ಹೊಗೆ, ಉಗಿ, ಗಡಗಡ ಸದ್ದಿನ ನಡುವೆ ಇಂಚಿನ ಲೆಕ್ಕದಲ್ಲಿ ಕಣ್ಣು ಕೀಲಿಸಿ ನಿಂತ ಆ ಮನುಷ್ಯ ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ. ‘ಕೈಗೊಳ್ಳಲಾಯಿತು’ ಅನ್ನುವ ಕ್ರಿಯಾಪದ ಅವನನ್ನು ನುಂಗಿದೆ.

ಇಷ್ಟು ಬಿರುಸಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ನಾನೂ ಇದೇ ಕೆಲಸ ಮಾಡಿದವನು.

1991ರಲ್ಲಿ ಒಂದು ಜಿಲ್ಲಾ ಪತ್ರಿಕೆಗೆ ಟ್ರೈನಿ ಆಗಿ ಸೇರಿದ್ದೆ. ಊರಲ್ಲಿ ಒಳಚರಂಡಿ ಕೆಲಸ ನಡೀತಿತ್ತು. ನಾನು ಆಫೀಸಿನಲ್ಲಿ ಕೂತೇ “ಕಾಮಗಾರಿ ಭರದಿಂದ ಸಾಗಿದ್ದು, ಬೃಹತ್ ಯಂತ್ರಗಳು ನೆಲವನ್ನು ಬಗೆಯುತ್ತಿವೆ” ಅಂತ ಬರೆದು ಕೊಟ್ಟೆ. ನಮ್ಮ ಹಿರಿಯ ಉಪಸಂಪಾದಕರನ್ನು ಎಲ್ಲರೂ ಮೇಷ್ಟ್ರೇ ಅಂತ ಕರೆಯುತ್ತಿದ್ದೆವು. ಅವರು ಓದಿ, ಕನ್ನಡಕ ತೆಗೆದು, “ಬಗೆದ ಮಣ್ಣು ಯಾವ ಪಕ್ಕ ಹಾಕ್ತಾರೆ?” ಅಂದರು. ಗೊತ್ತಿರಲಿಲ್ಲ. “ಹೋಗಿ ನೋಡ್ಕೊಂಡು ಬಾ” ಅಂದರು. ಜೂನ್ ತಿಂಗಳು, ಸಣ್ಣಗೆ ಮಳೆ, ನನ್ನ ಹತ್ತಿರ ಇದ್ದದ್ದು ಒಂದೇ ಜೊತೆ ಒಳ್ಳೆ ಚಪ್ಪಲಿ.

ಅಲ್ಲಿ ಬೃಹತ್ ಯಂತ್ರ ಒಂದೇ ಇತ್ತು, ಅದೂ ಕೆಟ್ಟು ನಿಂತಿತ್ತು. ಗುಂಡಿಯೊಳಗೆ ಒಬ್ಬ ವಯಸ್ಸಾದ ಮೇಸ್ತ್ರಿ, ಕೈಯಲ್ಲಿ ನೀರು ತುಂಬಿದ ಉದ್ದನೆ ಪ್ಲಾಸ್ಟಿಕ್ ಪೈಪು, ಮಟ್ಟ ನೋಡುವ ಟ್ಯೂಬ್ ಲೆವೆಲ್. ಅವನ ಹುಡುಗ ಟೀ ತರಲು ಹೋಗಿದ್ದ. ಪೈಪಿನ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು ಮೂವತ್ತು ಅಡಿ ದೂರ ನಿಲ್ಲಿಸಿದ. ನೀರು ಚೆಲ್ಲಬಾರದು ಅಂತ ನಾನು ತುದಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದೆ. ಅವನು ಆ ತುದಿಯಲ್ಲಿ ಮೇಲೆ ಕೆಳಗೆ ಮಾಡುತ್ತಾನೆ, ನನ್ನ ಕಡೆ ನೀರು ಅಲ್ಲಾಡುವುದೇ ಇಲ್ಲ. ಕೊನೆಗೆ “ಬೆರಳು ತೆಗೀರಿ ಸಾರ್, ನೀರಿಗೆ ಉಸಿರು ಬಿಡ್ರಿ!” ಅಂತ ಕೂಗಿದ. ಬೆರಳು ತೆಗೆದೆ, ನೀರು ಸರ್ರನೆ ಇಳಿದು ತನ್ನ ಮಟ್ಟಕ್ಕೆ ಬಂದು ನಿಂತಿತು. ಚಪ್ಪಲಿ ಅವತ್ತೇ ಹೋಯಿತು. ಬರೆದದ್ದನ್ನೆಲ್ಲ ಹರಿದು ಮತ್ತೆ ಎಂಟು ಪ್ಯಾರಾ ಬರೆದೆ. ಮೇಷ್ಟ್ರು ಆರು ಪ್ಯಾರಾ ಹೊಡೆದು ಹಾಕಿದರು, ಹೆಬ್ಬೆರಳಿನದು ಉಳಿಸಿದರು. ಆಗ ಅಳು ಬಂದಿತ್ತು.

ಇರಲಿ, ನಿಮ್ಮ ಲೇಖನಕ್ಕೆ ಬರೋಣ. ಜಾನ್ ಫೌಲರ್ ಬಗ್ಗೆ ನಿಮ್ಮದು ಅರ್ಧ ಸಾಲು: “ಇದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಫೌಲರ್ ಎಂಬುವವರು ಇದೇ ರೀತಿಯ ಪ್ರಯತ್ನ ನಡೆಸಿದ್ದರು.” ಇದೇ ರೀತಿಯ ಅಂತೆ! ಅವರ ದಾರಿಯೇ ಬೇರೆ. ಫೌಲರ್ 1849ರಲ್ಲಿ ಐರ್ಲೆಂಡಿಗೆ ಹೋಗಿ ಬರಗಾಲ ನೋಡಿ, ಜೌಗು ಬಸಿದರೆ ಇನ್ನಷ್ಟು ನೆಲ ಬೆಳೆಗೆ ಸಿಗುತ್ತದೆ ಅಂತ ಈ ಕೆಲಸಕ್ಕೆ ಇಳಿದವರು. ಅವರದು ನೆಲ ಅಗೆಯುವುದೇ ಇಲ್ಲ. ಚಾಕುವಿನಂಥ ಒಂದು ತೆಳು ಅಲಗು, ಅದರ ತುದಿಗೆ ಮೂಲಂಗಿ ಗಾತ್ರಕ್ಕಿಂತ ದಪ್ಪದ ಒಂದು ಕಬ್ಬಿಣದ ಮೊನೆ, ಮೊನೆಯ ಹಿಂದೆ ಹಗ್ಗಕ್ಕೆ ಮಣಿಯಂತೆ ಪೋಣಿಸಿದ ಕೊಳವೆಗಳು. ಕುದುರೆಗಳು ರಾಟೆ ಸುತ್ತಿ ಎಳೆದರೆ ಮೊನೆ ನೆಲದೊಳಗೆ ಹೆಗ್ಗಣದ ಹಾಗೆ ಬಿಲ ಕೊರೆಯುತ್ತಾ ಹೋಗುತ್ತದೆ, ಕೊಳವೆಗಳು ಅದರ ಹಿಂದೆಯೇ ಒಳಗೆ ಸರಿಯುತ್ತವೆ. ಆಮೇಲೆ ಕುದುರೆ ಹೋಗಿ ಉಗಿ ಬಂತು. ಆದರೆ ಮೊದಲು ಕಾಡಿದ್ದು ಏನು ಗೊತ್ತಾ? ಅದೇ ವಾಟ. ಮೇಲೆ ನೆಲ ಉಬ್ಬಿದ್ದರೆ ಕೆಳಗೆ ಕೊಳವೆಯೂ ಉಬ್ಬುತ್ತಿತ್ತು. ಅದಕ್ಕೇ ಮೊನೆಯನ್ನು ತಿರುಪಿನಿಂದ ಎತ್ತಿ ಇಳಿಸುವ ವ್ಯವಸ್ಥೆಯನ್ನು ಅವರು ಸೇರಿಸಬೇಕಾಯಿತು. ನಲವತ್ತು ವರ್ಷ ಆಚೆ, ಸಮುದ್ರದ ಆಚೆ, ಹಿಲ್ ಯಂತ್ರದವನು ಕಂಬಿಯ ಮೇಲಿಂದ ನೋಡುತ್ತಾ ಎತ್ತಿ ಇಳಿಸುತ್ತಿದ್ದದ್ದೂ ಅದಕ್ಕೇ. ಲೇಖನದ ದಾರ ಇಲ್ಲಿತ್ತು. ನಿಮ್ಮ ಕೈಯಲ್ಲೇ ಇತ್ತು ಮಾರಾಯರೇ.

ಯಂತ್ರ ಓಡುವ ಪಟ್ಟಿಗಳ, ಟ್ಯಾಂಕಿಗೆ ಇರುತ್ತವಲ್ಲ ಅಂಥವುಗಳ, ವಿಷಯವೂ ಅಷ್ಟೇ. “ಚಕ್ರಗಳ ಬದಲಿಗೆ ಪಟ್ಟಿಗಳನ್ನು ಬಳಸಲಾಯಿತು” ಅಂದು ಮುಂದೆ ಹೋಗಿದ್ದೀರಿ. ಜೌಗು ನೆಲ ಒಣಗಿಸಲು ಬಂದ ಯಂತ್ರ ಆ ಜೌಗಿನಲ್ಲೇ ಹೂತುಕೊಳ್ಳುವುದು! ಬಾಯ್ಲರ್, ನೀರು, ಕಲ್ಲಿದ್ದಲು ಎಲ್ಲ ಹೊತ್ತ ಭಾರ ಅದು. ನಗು ಬರುವ ಸಂಗತಿ, ಅದನ್ನು ಯಾಕೆ ಬಿಟ್ಟಿರಿ? ಭಾರವನ್ನು ಅಗಲಕ್ಕೆ ಹಂಚಲು ಪಟ್ಟಿ ಬೇಕಾಯಿತು ಅಂತ ಒಂದು ಸಾಲು ಹೇಳಿದ್ದರೆ, ಟ್ರ್ಯಾಕ್ಟರಿಗೆ ಕೇಜ್‌ವೀಲ್ ಅನ್ನುವ ಅಗಲದ ಕಬ್ಬಿಣದ ಗಾಲಿ ಹಾಕಿ ಗದ್ದೆಗೆ ಇಳಿಯುವವರು ತಲೆದೂಗುತ್ತಿದ್ದರು.

ಕೊನೆಯ ಮೂರು ಪ್ಯಾರಾ ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಕಂದಕ ತೋಡಲು ಚರ್ಚಿಲ್ ಮಾಡಿಸಿದ ಯಂತ್ರದ್ದು. 77 ಅಡಿ ಉದ್ದ, 130 ಟನ್ ತೂಕ, ಯುದ್ಧದಲ್ಲಿ ಒಂದು ದಿನವೂ ಬಳಕೆಯಾಗಲಿಲ್ಲ. ರಸವತ್ತಾಗಿದೆ, ಒಪ್ಪುತ್ತೇನೆ. ಆದರೆ ತೆಗೆಯಿರಿ. ಆ ಕಂದಕದಲ್ಲಿ ಹರಿಯಬೇಕಾದ್ದು ನೀರಲ್ಲ, ಸೈನಿಕರು. ವಾಟದ ಗೊಡವೆಯೇ ಇಲ್ಲ. ಅಂದ ಹಾಗೆ ಲೇಖನದ ತುಂಬ ‘ಕಂದಕ’ ಬಳಸಿದ್ದೀರಲ್ಲ, ಆ ಪದ ಈ ಮೂರು ಪ್ಯಾರಾಗೆ ಮಾತ್ರ ಸರಿ. ಕಂದಕ ಕೋಟೆಗೆ, ಯುದ್ಧಕ್ಕೆ. ಹೊಲದ್ದಕ್ಕೆ ನಮ್ಮ ರೈತರು ಬಸಿಗಾಲುವೆ ಅನ್ನುತ್ತಾರೆ. ಎಷ್ಟು ಚೆನ್ನಾದ ಪದ, ಮಾಡುವ ಕೆಲಸ ಹೆಸರಲ್ಲೇ ಇದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ನಿಂತು ಸವಳಾದ ನೆಲಕ್ಕೆ ಇವತ್ತು ಭೂಮಿಯೊಳಗೆ ತೂತಿನ ಪೈಪು ಹಾಕಿ ಬಸಿಯುತ್ತಾರೆ, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅದರ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಆ ಕಡೆಯ ಓದುಗರು ನಮಗೆ ಇದ್ದಾರೆ. ಅವರು ಓದುತ್ತಾರೆ ಅಂದುಕೊಂಡು ಬರೆಯಿರಿ, ‘ಸಾಮಾನ್ಯ ಓದುಗ’ ಅನ್ನುವವನನ್ನು ಮರೆತುಬಿಡಿ.

ತಿದ್ದಿ ಕಳಿಸಿದರೆ ಮತ್ತೆ ಓದುತ್ತೇನೆ, ಹಾಕುತ್ತೇನೆ ಅಂತ ಮಾತು ಕೊಡುವುದಿಲ್ಲ. ಪೇಟೆಂಟಿನ ಚಿತ್ರಗಳನ್ನೂ ಜೊತೆಗೆ ಕಳಿಸಿ. ಒಂದು ಸಂಗತಿ ನನಗೆ ತಲೆಯಲ್ಲಿ ಕೊರೆಯುತ್ತಿದೆ: ಅಷ್ಟು ಜಿಗುಟು ಜೇಡಿ ಮಣ್ಣು ಬಕೆಟ್ಟಿಗೆ ಅಂಟಿಕೊಳ್ಳದೆ ಮೇಲೆ ಬಂದು ಹೇಗೆ ಬೀಳುತ್ತಿತ್ತು? ಚಿತ್ರದಲ್ಲಿ ಕಾಣುತ್ತದಾ ನೋಡಿ.