ಆಲ್ಬಕೋರ್ ಹಿಡಿಯೋಕೆ ಮಗ ಕರೀತಿದ್ದಾನೆ, ಹೋಗಲಾ?

ಪ್ರಶ್ನೆ: ನನಗೆ 63 ವರ್ಷ. ಮೂವತ್ತು ವರ್ಷ ಲಾರಿ ಓಡಿಸಿ ಈಗ ಮನೆಯಲ್ಲಿದ್ದೇನೆ. ಮಗ ಅಮೆರಿಕದ ಒರೆಗಾನ್‌ನಲ್ಲಿದ್ದಾನೆ. ಸ್ನೇಹಿತನ ಜೊತೆ ಸೇರಿ 24 ಅಡಿಯ ಬೋಟ್ ತಗೊಂಡಿದ್ದಾನೆ. ‘ಆಗಸ್ಟ್‌ಗೆ ಬಾ ಅಪ್ಪ, ಸಮುದ್ರಕ್ಕೆ ಹೋಗಿ ಆಲ್ಬಕೋರ್ ಟ್ಯೂನಾ ಹಿಡಿಯೋಣ’ ಅಂತಾನೆ. ಬಲೆ ಇಲ್ವಂತೆ, ಎರೆಹುಳ ಇಲ್ವಂತೆ, ಬೋಟ್ ಓಡಿಸ್ತಾನೇ ಹಿಡೀತಾರಂತೆ. ನನಗೆ ಗೊತ್ತಿರುವುದು ಸೂಳೆಕೆರೆ ದಂಡೆಯಲ್ಲಿ ಕೂತು ಗಾಳ ಹಾಕುವುದಷ್ಟೇ. ಓಡುವ ಬೋಟಿಗೆ ಮೀನು ಹೇಗೆ ಸಿಗುತ್ತೆ? ಅಷ್ಟು ಚಿಕ್ಕ ಬೋಟಲ್ಲಿ ಹೋಗೋದು ಕ್ಷೇಮಾನಾ?
— ಓದುಗರು, ದಾವಣಗೆರೆ

ಉತ್ತರ: ಹೋಗಿ ಬನ್ನಿ ಯಜಮಾನರೇ. ಆದರೆ ವಿಮಾನ ಹತ್ತುವ ಮೊದಲು ಮಗನಿಗೆ ಎರಡು ಪ್ರಶ್ನೆ ಕೇಳಿ. ಐಸ್ ಎಷ್ಟು ತಗೊಂಡು ಹೋಗ್ತೀಯ? ವಾಪಸ್ ಎಷ್ಟು ಗಂಟೆಗೆ ಹೊರಡ್ತೀಯ? ಈ ಎರಡಕ್ಕೂ ತಡವರಿಸದೆ ಉತ್ತರ ಕೊಟ್ಟರೆ ಹುಡುಗ ಕೆಲಸ ಕಲಿತಿದ್ದಾನೆ ಅಂತ ಅರ್ಥ. ಗಾಳದ ಬಣ್ಣ, ರಾಡಿನ ಕಂಪನಿ ಇವನ್ನೆಲ್ಲಾ ಯಾರು ಬೇಕಾದರೂ ಗಂಟೆಗಟ್ಟಲೆ ಹೇಳುತ್ತಾರೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಮಂಗಳೂರಿಗೋ ಮಲ್ಪೆಗೋ ಲೋಡ್ ತಗೊಂಡು ಹೋದಾಗ ನೀವು ಟ್ರಾಲ್ ಬೋಟ್ ನೋಡಿರುತ್ತೀರಿ. ಅದು ದೊಡ್ಡ ಚೀಲದಂಥ ಬಲೆಯನ್ನು ನೀರಿನಡಿ ಎಳೆದುಕೊಂಡು ಹೋಗುತ್ತದೆ. ನಿಮ್ಮ ಮಗ ಹೇಳುತ್ತಿರುವುದು ಟ್ರೋಲಿಂಗ್. ಇಲ್ಲಿ ಬಲೆಯೇ ಇಲ್ಲ. ಬೋಟಿನ ಹಿಂದೆ ನಾಲ್ಕೋ ಆರೋ ದಾರ ಬಿಟ್ಟು, ಒಂದೊಂದರ ತುದಿಗೂ ಒಂದು ಹುಸಿ ಮೀನು ಕಟ್ಟಿ ಎಳೆಯುತ್ತಾರೆ. (ಫೇಸ್‌ಬುಕ್ಕಿನಲ್ಲಿ ಜನರ ಕಾಲೆಳೆಯುವ ಟ್ರೋಲ್ ಮೂರನೆಯದು. ಅಲ್ಲೂ ಗಾಳ ಬಿಟ್ಟು ಯಾರು ಕಚ್ಚುತ್ತಾರೆ ಅಂತ ಕಾಯುವುದೇ ಅಲ್ವಾ?)

ಹುಸಿ ಮೀನು ಅಂದರೆ ಜಾಸ್ತಿ ಏನಿಲ್ಲ. ಸೀಸದ ತಲೆ, ಅದರ ಹಿಂದೆ ರಬ್ಬರಿನ ಕುಚ್ಚು, ಕುಚ್ಚಿನೊಳಗೆ ಜೋಡಿ ಗಾಳ. ಬರೀ ಮರದ ತುಂಡಿಗೆ ಸೀಸ ಹಾಕಿದ, ಬಣ್ಣವನ್ನೂ ಬಳಿಯದ ಒಂದು ಹಳೇ ಮಾದರಿ ಇದೆ. ಸೀಡರ್ ಪ್ಲಗ್ ಅಂತಾರೆ. ನೋಡಿದರೆ ಬುಗುರಿ ಮಾಡಲು ಹೋಗಿ ಅರ್ಧಕ್ಕೇ ಬಿಟ್ಟ ಹಾಗಿರುತ್ತದೆ. ಮೀನು ಮಾತ್ರ ಅದಕ್ಕೂ ಬೀಳುತ್ತದೆ. ಮೋಡವಿದ್ದಾಗ, ನಸುಕಿನಲ್ಲಿ ಕಪ್ಪು, ನೇರಳೆಯಂಥ ಗಾಢ ಬಣ್ಣ. ಬಿಸಿಲೇರಿದ ಮೇಲೆ ಹೊಳೆಯುವ ಬಣ್ಣ. ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಓಡುವ ಬೋಟಿಗೆ ಸಿಗುವುದೇಕೆ ಅಂದರೆ, ಈ ಮೀನೇ ನಿಲ್ಲುವ ಜಾತಿಯದಲ್ಲ. ಟ್ಯೂನಾ ಬಾಯಿ ತೆರೆದು ಈಜುತ್ತಲೇ ಇದ್ದರೆ ಮಾತ್ರ ಕಿವಿರಿಗೆ ನೀರು ಹರಿದು ಉಸಿರಾಡುತ್ತದೆ. ನಿಂತರೆ ಉಸಿರು ಕಟ್ಟುತ್ತದೆ. ಚಿಕ್ಕ ವಯಸ್ಸಿನ ಆಲ್ಬಕೋರ್ ಜಪಾನ್ ಕಡೆಯಿಂದ ಅಮೆರಿಕದ ಕರಾವಳಿವರೆಗೂ ಪೆಸಿಫಿಕ್ ಸಾಗರ ದಾಟಿ ಬರುತ್ತದೆ. ಹಾಗಾಗಿ ಬೋಟ್ 6-7 ನಾಟ್, ಅಂದರೆ ಗಂಟೆಗೆ 11ರಿಂದ 13 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಆರಾಮಾಗಿ ಸೈಕಲ್ ತುಳಿದಷ್ಟು. ಹೆಚ್ಚಿನ ಮೀನುಗಳು ಬೋಟಿನ ಸದ್ದಿಗೆ ಓಡಿಹೋಗುತ್ತವೆ. ಇದು ಎದ್ದು ಬರುತ್ತದೆ. ಬೋಟನ್ನು ತಳ್ಳುವ ನೀರಿನಡಿಯ ಫ್ಯಾನ್ ಎಬ್ಬಿಸುವ ಬಿಳಿ ನೊರೆಯೊಳಗೇ, ಬೋಟಿನಿಂದ ಹತ್ತು ಹದಿನೈದು ಮೀಟರ್ ಹಿಂದೆಯೇ ಕಚ್ಚುತ್ತದೆ. ಅದಕ್ಕೇ ಎಲ್ಲಾ ದಾರವನ್ನೂ ದೂರ ಬಿಡುವುದಿಲ್ಲ. ಎರಡು ಹತ್ತಿರ, ಎರಡು ದೂರ.

ಇನ್ನು ಎಲ್ಲಿ ಎಳೆಯಬೇಕು ಅನ್ನುವುದು. ಆಲ್ಬಕೋರ್ ಹಿಡಿಯುವವರು ಮೀನಿಗಿಂತ ಮೊದಲು ನೀರನ್ನು ಹುಡುಕುತ್ತಾರೆ. ಬೇಸಿಗೆಯಲ್ಲಿ ಆ ಕರಾವಳಿಯಲ್ಲಿ ಉತ್ತರದ ಗಾಳಿ ಬೀಸುತ್ತದೆ. ಅದು ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಏಳುತ್ತದೆ. ದಡದ ಹತ್ತಿರ ನೀರು ಹಸಿರಾಗಿ, 10-12 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆಚೆ ಹೋದ ಹಾಗೆ ಬಿಸಿಯಾಗುತ್ತಾ, ಒಂದು ಕಡೆ ಗೆರೆ ಎಳೆದ ಹಾಗೆ ನೀಲಿಗೆ ತಿರುಗುತ್ತದೆ. ಸುಮಾರು 15ರಿಂದ 18 ಡಿಗ್ರಿಯ ಆ ನೀಲಿ ನೀರಿನ ಅಂಚಿನಲ್ಲಿ ಸಣ್ಣ ಮೀನುಗಳ ಹಿಂಡು, ಹಿಂಡಿನ ಹಿಂದೆ ಆಲ್ಬಕೋರ್. ಅದನ್ನೇ ಅವರು ‘ಬೆಚ್ಚಗಿನ ನೀರು’ ಅನ್ನುತ್ತಾರೆ, ನೋಡಿ! ನಮ್ಮಲ್ಲಿ ಆ ನೀರನ್ನು ಡಿಸೆಂಬರ್ ಬೆಳಗ್ಗೆ ತಲೆ ಮೇಲೆ ಸುರಿದರೆ ಕೂಗಾಡಿಬಿಡುತ್ತೇವೆ. ಉಪಗ್ರಹದಿಂದ ತೆಗೆದ ಸಮುದ್ರದ ಉಷ್ಣಾಂಶದ ನಕ್ಷೆಯನ್ನು ನಿಮ್ಮ ಮಗ ಹಿಂದಿನ ರಾತ್ರಿಯೇ ಮೊಬೈಲಲ್ಲಿ ನೋಡಿರುತ್ತಾನೆ. ಆ ಗೆರೆ ಒಂದು ವಾರ 30 ಕಿಲೋಮೀಟರ್‌ಗೆ ಬಂದಿರಬಹುದು, ಇನ್ನೊಂದು ವಾರ 80ರ ಆಚೆ ಹೋಗಿರಬಹುದು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋದಷ್ಟು ದೂರ ಅಂತಿಟ್ಟುಕೊಳ್ಳಿ, ಆದರೆ ನಡುವೆ ಒಂದು ಢಾಬಾ ಇಲ್ಲ, ಪಂಕ್ಚರ್ ಅಂಗಡಿಯೂ ಇಲ್ಲ.

ಕೆರೆ ಮೀನಿನ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ನಾನು, ಮಗಳ ಮನೆಗೆ ಹೋದಾಗ ಇಂಥದ್ದೇ ಒಂದು ಬೋಟಿನಲ್ಲಿ ಹೋಗಿದ್ದೆ. ಮೂರು ಗಂಟೆ ಏನೂ ಇಲ್ಲ. ತೂಕಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ದಾರ ಸುತ್ತಿದ ಒಂದು ರೀಲು ಕಿರ್‍ರ್‍ರ್ ಅಂತ ಕಿರುಚಿತು. ನಾನು ‘ನಿಲ್ಸಿ, ನಿಲ್ಸಿ’ ಅಂದೆ. ಬೋಟ್ ಹಿಡಿದವನು ನಿಲ್ಲಿಸಲೇ ಇಲ್ಲ. ಜಿಪಿಎಸ್‌ನಲ್ಲಿ ಜಾಗ ಗುರುತು ಮಾಡಿ, ಹತ್ತು ಎಣಿಸಿದ. ಅಷ್ಟರಲ್ಲಿ ಇನ್ನೆರಡು ರೀಲು ಕಿರುಚಿದವು. ಇವು ಹಿಂಡಿನಲ್ಲಿ ಇರುತ್ತವೆ. ಒಂದು ಕಚ್ಚಿದ ತಕ್ಷಣ ಬೋಟ್ ನಿಲ್ಲಿಸಿದರೆ ಉಳಿದ ಗಾಳಗಳು ಸತ್ತ ಹಾಗೆ ಮುಳುಗಿಬಿಡುತ್ತವೆ. ತಿರುಗಿಸುವಾಗಲೂ ದೊಡ್ಡ ಸುತ್ತು ಹಾಕಬೇಕು. ಟ್ರೈಲರ್ ಗಾಡಿಯನ್ನು ಸಣ್ಣ ಓಣಿಯಲ್ಲಿ ಗಕ್ಕನೆ ತಿರುಗಿಸಿದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ? ಒಳಬದಿಯ ದಾರ ಸಡಿಲಾಗಿ ಹೊರಬದಿಯದಕ್ಕೆ ಸುತ್ತಿಕೊಳ್ಳುತ್ತದೆ. ಆಮೇಲೆ ಮೀನು ಬಿಟ್ಟು ಗಂಟು ಬಿಡಿಸುವುದೇ ಕೆಲಸ.

ಈ ಗಾಳಗಳಿಗೆ ಸಾಮಾನ್ಯವಾಗಿ ಹಿಂಮುಳ್ಳು ಇರುವುದಿಲ್ಲ. ಬೇಗ ಬಿಡಿಸಿ ಮತ್ತೆ ನೀರಿಗೆ ಬಿಡಲಿಕ್ಕೆ ಹಾಗೆ. ಅದಕ್ಕೇ ದಾರ ಒಂದು ಕ್ಷಣವೂ ಸಡಿಲಾಗಬಾರದು. ಸಡಿಲಾಯಿತೋ, ಹೋಯಿತು.

ಮೇಲೆ ಬಂದದ್ದು ಸುಮಾರು ಎಂಟು ಕಿಲೋ ಇತ್ತು. ಕಡುನೀಲಿ ಬೆನ್ನು, ಬೆಳ್ಳಿ ಹೊಟ್ಟೆ. ಎರಡೂ ಪಕ್ಕೆಗೆ ಕುಡುಗೋಲಿನಂಥ ಉದ್ದ ರೆಕ್ಕೆ, ಬೆನ್ನಿನ ಎರಡನೇ ರೆಕ್ಕೆಯನ್ನೂ ದಾಟಿ ಹಿಂದಕ್ಕೆ ಹೋಗುತ್ತದೆ. ಆಲ್ಬಕೋರ್ ಗುರುತು ಅದೇ. ಬೋಟಿನ ನೆಲದ ಮೇಲೆ ಬಾಲ ಬಡಿದ ಬಡಿತಕ್ಕೆ ಕಾಲು ಜುಮ್ ಅಂದಿತು. ಮುಟ್ಟಿ ನೋಡಿದೆ. ಬಿಸಿ! ಜೀವನಪೂರ್ತಿ ತಣ್ಣಗಿನ ಮೀನು ಮುಟ್ಟಿದವನಿಗೆ ಅದು ವಿಚಿತ್ರ ಅನ್ನಿಸಿತು. ಟ್ಯೂನಾ ಮೈಯಲ್ಲಿ ಬಿಸಿ ರಕ್ತದ ನಾಳಗಳೂ ತಣ್ಣನೆ ರಕ್ತದ ನಾಳಗಳೂ ಒತ್ತೊತ್ತಾಗಿ ಪಕ್ಕಪಕ್ಕ ಹೋಗುತ್ತವೆ. ಹೊರಗೆ ಹೋಗುವ ಬಿಸಿಯನ್ನು ಒಳಗೆ ಬರುವ ರಕ್ತ ಹೀರಿಕೊಳ್ಳುತ್ತದೆ. ಹಾಗಾಗಿ ಸುತ್ತಲಿನ ನೀರಿಗಿಂತ ಮೈ ಬಿಸಿ.

ಐಸಿನ ಪ್ರಶ್ನೆ ಬರುವುದು ಇಲ್ಲಿ. ಒದ್ದಾಡಿ ಬಂದ ಬಿಸಿ ಮೀನನ್ನು ಹಾಗೇ ಬಿಟ್ಟರೆ ಒಳಗಿನಿಂದ ಕೆಡಲು ಶುರುವಾಗುತ್ತದೆ. ಹಿಡಿದ ತಕ್ಷಣ ಕಿವಿರಿನ ಹತ್ತಿರ ಕೊಯ್ದು ರಕ್ತ ಬಿಡಬೇಕು. ಆಮೇಲೆ ಐಸ್ ಮತ್ತು ಸಮುದ್ರದ ನೀರು ಕಲಸಿದ ಗಂಜಿಯಂಥದ್ದರಲ್ಲಿ ಪೂರ್ತಿ ಮುಳುಗಿಸಬೇಕು. ಬರೀ ಐಸ್ ಗಡ್ಡೆ ಮೇಲಿಟ್ಟರೆ ಸಾಲದು, ಗಡ್ಡೆ ತಗುಲಿದ ಕಡೆ ಮಾತ್ರ ತಣ್ಣಗಾಗುತ್ತದೆ. ಮೀನಿನ ತೂಕದಷ್ಟಾದರೂ ಐಸ್ ಇರಬೇಕು. ಹತ್ತು ಮೀನಿಗೆ 80 ಕಿಲೋ! ನಾವು ಹೋದ ದಿನ ‘ಇಷ್ಟು ಸಾಕು’ ಅಂತ ಅರ್ಧಕ್ಕರ್ಧ ಕಡಿಮೆ ಒಯ್ದಿದ್ದರು. ಕೊನೆಗೆ ಸಿಕ್ಕಿದ ನಾಲ್ಕು ಮೀನು ಮಧ್ಯಾಹ್ನವೆಲ್ಲಾ ಬಿಸಿಲಿನ ಡಬ್ಬಿಯಲ್ಲೇ ಇದ್ದವು. ದಡಕ್ಕೆ ಬಂದಮೇಲೆ ಎಸೆಯಿರಿ ಅಂದೆ. ಯಾರಿಗೂ ಇಷ್ಟವಾಗಲಿಲ್ಲ. ಆದರೂ ಎಸೆದರು.

ಸುಮ್ನೆ ಹೆದರಿಸಲು ಹೇಳಿದ್ದಲ್ಲ. ಟ್ಯೂನಾ, ಬಂಗುಡೆ ಜಾತಿಯ ಮೀನು ಬೆಚ್ಚಗಿದ್ದರೆ ಹಿಸ್ಟಮಿನ್ ಅನ್ನುವ ವಸ್ತು ಹುಟ್ಟುತ್ತದೆ. ಎಷ್ಟು ಕುದಿಸಿದರೂ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಬಾಯಿ ಉರಿ, ಮುಖ ಕೆಂಪು, ತಲೆನೋವು. ದಾವಣಗೆರೆ ಮಾರ್ಕೆಟ್ಟಿನಲ್ಲಿ ಬಂಗುಡೆ ತಗೊಳ್ಳುವಾಗಲೂ ಇದನ್ನು ನೆನಪಿಡಿ. ತಿಂದಾಗ ನಾಲಿಗೆ ಚುರುಗುಟ್ಟಿದರೆ ‘ಮಸಾಲೆ ಖಾರ’ ಅಂದುಕೊಳ್ಳಬೇಡಿ, ತಟ್ಟೆ ಪಕ್ಕಕ್ಕಿಡಿ.

ಎರಡನೇ ಪ್ರಶ್ನೆ, ವಾಪಸ್ ಬರುವುದು. ಒರೆಗಾನ್‌ನಲ್ಲಿ ಬಹಳಷ್ಟು ಬಂದರುಗಳು ನದಿ ಸಮುದ್ರ ಸೇರುವ ಕಡೆ ಇವೆ. ಆ ಬಾಯಲ್ಲಿ ಮರಳು ದಿಬ್ಬ ಇರುತ್ತದೆ, ಬಾರ್ ಅನ್ನುತ್ತಾರೆ. ಇಳಿತದ ಹೊತ್ತಿನಲ್ಲಿ ನದಿ ನೀರು ರಭಸದಿಂದ ಹೊರಗೆ ನುಗ್ಗುತ್ತದೆ, ಎದುರಿನಿಂದ ಸಮುದ್ರದ ಅಲೆ ಬರುತ್ತದೆ. ಎರಡೂ ಗುದ್ದಿಕೊಂಡು ಅಲೆ ಗೋಡೆಯ ಹಾಗೆ ಎದ್ದು ಮುರಿಯುತ್ತದೆ. ಕೊಲಂಬಿಯಾ ನದಿಯ ಬಾಯನ್ನು ಹಡಗುಗಳ ಸ್ಮಶಾನ ಅಂತಲೇ ಕರೆಯುತ್ತಾರೆ. ಕೋಸ್ಟ್ ಗಾರ್ಡ್‌ನವರು ಎಷ್ಟೋ ಸಲ ಚಿಕ್ಕ ಬೋಟುಗಳಿಗೆ ಬಾರ್ ಮುಚ್ಚಿಬಿಡುತ್ತಾರೆ. ಹಾಗಾಗಿ ಮೀನು ಕಚ್ಚುತ್ತಿದ್ದರೂ ಭರತದ ವೇಳೆ ನೋಡಿಕೊಂಡೇ ಹೊರಡಬೇಕು. ‘ಇನ್ನೊಂದೇ ಸುತ್ತು’ ಅನ್ನುವವನ ಬೋಟ್ ಹತ್ತಬೇಡಿ, ಮಗನೇ ಆಗಿರಲಿ.

ಇಂಧನದ ಲೆಕ್ಕ ನಿಮಗೆ ಸುಲಭ. ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಇನ್ನೊಂದು ಮುಟ್ಟಬಾರದು. 24 ಅಡಿ ಬೋಟ್ ಒಳ್ಳೆಯ ದಿನಕ್ಕೆ ಸಾಕು, ಆದರೆ ಜೊತೆಗೆ ಇನ್ನೊಂದು ಬೋಟ್ ಇದ್ದರೆ ವಾಸಿ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ ಇರಬೇಕು. ಆ ನೀರಿಗೆ ಬಿದ್ದರೆ ಮೊದಲ ನಿಮಿಷದಲ್ಲೇ ಚಳಿಯ ಹೊಡೆತಕ್ಕೆ ಉಸಿರು ಸಿಕ್ಕಿಕೊಳ್ಳುತ್ತದೆ, ಈಜು ಬಂದರೂ ಅಷ್ಟೇ. ಬೋಟಿನ ವಿಎಚ್ಎಫ್ ರೇಡಿಯೋದಲ್ಲಿ ಅಪಾಯ ಬಂದಾಗ ನೆರವು ಕೇಳುವ 16ನೇ ಚಾನೆಲ್ ಹೇಗೆ ಬಳಸುವುದು ಅಂತ ನೀವೂ ಕಲಿತುಕೊಳ್ಳಿ. ಮೀನು ಹಿಡಿಯಲು ನಿಮ್ಮ ಹೆಸರಿಗೂ ಲೈಸೆನ್ಸ್ ಬೇಕು, ದಿನದ ಲೆಕ್ಕದಲ್ಲೂ ಸಿಗುತ್ತದೆ. ಮಂಡಿ ನೋವು, ಬೆನ್ನು ನೋವು ಇದ್ದರೆ ಮುಂಭಾಗದಲ್ಲಿ ಕೂರಬೇಡಿ, ಅಲೆಗೆ ಬೋಟ್ ಕುಕ್ಕುವುದು ಅಲ್ಲೇ ಜಾಸ್ತಿ. ವಾಂತಿಗೆ ಮಾತ್ರೆಯನ್ನು ಡಾಕ್ಟರ್ ಕೇಳಿ ಮೊದಲೇ ತಗೊಳ್ಳಿ, ಶುರುವಾದ ಮೇಲೆ ತಗೊಂಡು ಪ್ರಯೋಜನವಿಲ್ಲ. ಜೇಬಲ್ಲಿ ಒಣ ಮಂಡಕ್ಕಿ ಇಟ್ಟುಕೊಳ್ಳಿ. ಮಿರ್ಚಿ ದಡಕ್ಕೆ ಬಂದಮೇಲೆ.

ಹಾಂ, ಸಾರು ಮಾಡುವಾಗ ಮಸಾಲೆ ಪೂರ್ತಿ ಕುದಿಸಿ, ಮೀನನ್ನು ಕೊನೇ ನಾಲ್ಕೈದು ನಿಮಿಷಕ್ಕೆ ಹಾಕಿ. ನಮ್ಮ ಅಭ್ಯಾಸದಂತೆ ಬೇಯಿಸಿದರೆ ನಾರುನಾರಾಗಿ ‘ಕೋಳಿ ಹಾಗಿದೆ’ ಅಂತೀರಿ.

ಪ್ರಶ್ನೆ: ಇದೇ ಟ್ರೋಲಿಂಗ್ ಅನ್ನು ನಮ್ಮ ವಾಣಿವಿಲಾಸ ಸಾಗರದಲ್ಲಿ ಮಾಡಬಹುದಾ? ಆನ್‌ಲೈನ್‌ನಲ್ಲಿ ಗಾಳ ತರಿಸಿದ್ದೇನೆ.
— ಓದುಗರು, ಹಿರಿಯೂರು

ಉತ್ತರ: ದುಡ್ಡು ದಂಡ ಆಗಬಹುದು ತಮ್ಮಾ. ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆಯಲ್ಲಿ ಜಾಸ್ತಿ ಸಿಗುವುದು ಕಾಟ್ಲಾ, ರೋಹು ಥರದ ಗೆಂಡೆ ಜಾತಿ. ಅವು ನೀರಿನ ಸೂಕ್ಷ್ಮ ಜೀವಿ, ಪಾಚಿ, ಕೊಳೆತ ಸೊಪ್ಪು ತಿನ್ನುವಂಥವು. ಓಡುವ ಹುಸಿ ಮೀನಿನ ಹಿಂದೆ ಅವು ಯಾಕೆ ಓಡುತ್ತವೆ? ಬೇಟೆಯಾಡುವುದು ಕೊರವ, ಬಾಳೆ ಮೀನು. ಕೊರವ ಅಂಚಿನ ಜೊಂಡಿನಲ್ಲಿ ಅಡಗಿ ಕೂರುತ್ತದೆ, ದಡದಿಂದಲೇ ಗಾಳ ಎಸೆದರೆ ಸಾಕು. ನೀರು ಏರಿದಾಗ ಅಂಚಿನ ಜಾಲಿ ಗಿಡ ಮುಳುಗಿರುತ್ತವೆ, ಅಲ್ಲಿ ಬೋಟಿನಿಂದ ಎಳೆದರೆ ಗಾಳ ಮುಳ್ಳಿಗೇ ಸಿಗುತ್ತದೆ. ಇನ್ನೊಂದು ವಿಷಯ, ತೆಪ್ಪದವರು ಸಂಜೆ ಬಿಟ್ಟ ಬಲೆ ರಾತ್ರಿಯಿಡೀ ನೀರಲ್ಲಿರುತ್ತದೆ. ನಿನ್ನ ಜೋಡಿ ಗಾಳ ಅದಕ್ಕೆ ಸಿಕ್ಕಿದರೆ ಒಬ್ಬರ ಹೊಟ್ಟೆಪಾಡು ಹರಿಯುತ್ತದೆ. ಅಲ್ಲಿ ಮೀನು ಹಿಡಿಯುವ ಹಕ್ಕು ಯಾರಿಗಿದೆ ಅಂತ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ, ಅನುಮತಿ ಪಡೆದೇ ನೀರಿಗಿಳಿ.

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ, ಈಗ ಐದು ತಿಂಗಳ ಬಸುರಿ. ಡಬ್ಬಿಯ ಆಲ್ಬಕೋರ್ ದಿನಾ ತಿಂತೀನಿ ಅಂತಾಳೆ. ಪರವಾಗಿಲ್ವಾ?
— ಓದುಗರು, ಚಿತ್ರದುರ್ಗ

ಉತ್ತರ: ದಿನಾ ಬೇಡಮ್ಮ. ದೊಡ್ಡ ಮೀನು ಸಣ್ಣ ಮೀನನ್ನು ತಿಂದು ತಿಂದು ಮೈಯಲ್ಲಿ ಪಾದರಸ ಸೇರಿಸಿಕೊಂಡಿರುತ್ತದೆ. ಬಸುರಿಯರು ಆಲ್ಬಕೋರ್ ತಿಂದರೆ ವಾರಕ್ಕೆ ಒಂದೇ ಸಲ, ಸುಮಾರು 110 ಗ್ರಾಂ, ಆ ವಾರ ಬೇರೆ ಮೀನು ಬೇಡ ಅನ್ನುವುದು ಅಲ್ಲಿನ ಸರ್ಕಾರದ್ದೇ ಸಲಹೆ. ಡಬ್ಬಿಯ ಮೇಲೆ ‘ವೈಟ್’ ಅಂತಿದ್ದರೆ ಅದು ಆಲ್ಬಕೋರ್. ‘ಲೈಟ್’ ಅಂತಿದ್ದರೆ ಹೆಚ್ಚಾಗಿ ಸ್ಕಿಪ್‌ಜಾಕ್ ಅನ್ನುವ ಚಿಕ್ಕ ಟ್ಯೂನಾ, ಅದರಲ್ಲಿ ಪಾದರಸ ಕಡಿಮೆ, ವಾರಕ್ಕೆ ಎರಡು ಮೂರು ಸಲ ತಿನ್ನಬಹುದು. ಮೀನನ್ನೇ ಬಿಡು ಅಂತ ಹೇಳಬೇಡಿ, ಮಗುವಿನ ಮೆದುಳಿಗೆ ಅದರ ಕೊಬ್ಬು ಒಳ್ಳೆಯದು. ಡಬ್ಬಿ ಬದಲಾಯಿಸಲು ಹೇಳಿ, ಮುಂದಿನ ತಪಾಸಣೆಯಲ್ಲಿ ಡಾಕ್ಟರಿಗೂ ಒಂದು ಮಾತು ತಿಳಿಸಲಿ.