ಪರೀಕ್ಷೆಗೂ ಚಿಕಿತ್ಸೆಗೂ ಆಗುವಂಥ ಮೀನಿನ ಅಲರ್ಜನ್ (ಅಲರ್ಜಿ ತರುವ ಪ್ರೋಟೀನ್) ಅನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮಾಡಲಾ, ಯೀಸ್ಟ್‌ನಲ್ಲಿ ಮಾಡಲಾ? (ದಾವಣಗೆರೆಯಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್)

ಯಾವುದರಲ್ಲಾದರೂ ಮಾಡಿ. ಇದೇ ಊರಲ್ಲಿ ಕೂತು ಇದೇ ಪ್ರಶ್ನೆಗೆ ನಾನೂ ತಲೆ ಕೆಡಿಸಿಕೊಂಡಿದ್ದೆ. ಏಟು ಬಿದ್ದಿದ್ದು ಬೇರೆ ಕಡೆಯಿಂದ.

ಮಾರ್ಕೆಟ್‌ನಲ್ಲಿ ಐಸ್ ಮೇಲಿಟ್ಟ ಮೀನಿನಿಂದ, ಜೀನ್ ನಕಲು ಮಾಡಲು ಬೇಕಾದ ಆರ್‌ಎನ್‌ಎ ಸರಿಯಾಗಿ ಬರಲಿಲ್ಲ. ಸೂಳೆಕೆರೆಗೇ ಹೋಗಿ, ಆಗಷ್ಟೇ ಬಲೆಗೆ ಬಿದ್ದ ಕಾಟ್ಲಾದ ಬೆನ್ನಿನ ಬಿಳಿ ಮಾಂಸ ತಂದೆ. (ಈಗ ಇದೆಲ್ಲ ಬೇಡ. ಜೀನ್ ಸಿಂಥೆಸಿಸ್ ಮಾಡಿಸಿ ತರಿಸಿಕೊಳ್ಳಿ.) ಮೀನಿನ ಮುಖ್ಯ ಅಲರ್ಜನ್ ಆದ ಪಾರ್ವಾಲ್ಬುಮಿನ್ ಇ. ಕೋಲಿಯಲ್ಲಿ ಧಾರಾಳವಾಗಿ ಬಂತು. ಜೆಲ್‌ನಲ್ಲಿ 12 ಕಿಲೋಡಾಲ್ಟನ್ ಹತ್ತಿರ ಒಂದೇ ದಪ್ಪ ಬ್ಯಾಂಡ್. ಅದನ್ನು ನೋಡಿ ಕೆಲಸ ಮುಗೀತು ಅಂದುಕೊಂಡೆ.

ಎಲೈಸಾದಲ್ಲಿ (ಪ್ರತಿಕಾಯ ಅಂಟಿದರೆ ಬಣ್ಣ ಬರುವ ಪರೀಕ್ಷೆ) ಮೀನು ಅಲರ್ಜಿ ಇರುವವರ ಸೀರಂ (ರಕ್ತದ ದ್ರವಭಾಗ) ಹಾಕಿದರೆ, ಮೀನಿನ ಮಾಂಸದ ಸಾರ ಇದ್ದ ಸಾಲು ಗಾಢ ಹಳದಿ, ನನ್ನ ಪ್ರೋಟೀನ್ ಇದ್ದ ಸಾಲು ಇದ್ದೂ ಇಲ್ಲದ ಹಾಗೆ. ಇ. ಕೋಲಿಯದೇ ತಪ್ಪು ಅಂತ ಯೀಸ್ಟ್‌ಗೆ ಹಾರಿದೆ. ಅಲ್ಲೂ ಅದೇ ಕಥೆ. ಅಷ್ಟರಲ್ಲಿ ಸೀರಂ ಖಾಲಿ, ಪ್ರಾಜೆಕ್ಟ್ ಅವಧಿಯೂ ಖಾಲಿ.

ವೈವಾದಲ್ಲಿ ಬಂದಿದ್ದ ಮೇಷ್ಟ್ರು ಕೇಳಿದ್ದು ಒಂದೇ: "ಡಯಾಲಿಸಿಸ್ ಬಫರ್‌ನಲ್ಲಿ ಏನೇನಿದೆ?"

ಪ್ರೋಟೀನನ್ನು ಕೊನೆಯಲ್ಲಿ ನೆನೆಸಿಟ್ಟ ಆ ದ್ರಾವಣದಲ್ಲಿ ಇಡಿಟಿಎ ಇತ್ತು. ಲ್ಯಾಬಿನ ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಹಳೇ ಚೀಟಿ ನೋಡಿ ಸುಮ್ನೆ ಹಾಕಿದ್ದೆ. ಪ್ರೋಟೀನ್ ಕತ್ತರಿಸುವ ಕೆಲವು ಕಿಣ್ವಗಳಿಗೆ ಲೋಹ ಬೇಕು, ಅದನ್ನು ಕಿತ್ತುಕೊಳ್ಳಲಿ ಅಂತ ಇಡಿಟಿಎ ಹಾಕುತ್ತಾರೆ. ಆದರೆ ಪಾರ್ವಾಲ್ಬುಮಿನ್ ನಿಂತಿರುವುದೇ ಕ್ಯಾಲ್ಸಿಯಂ ಮೇಲೆ. ಎರಡು ಜಾಗದಲ್ಲಿ ಅದನ್ನು ಹಿಡಿದುಕೊಂಡಿರುತ್ತದೆ. ಕ್ಯಾಲ್ಸಿಯಂ ಹೋದರೆ ಪಿನ್ ತೆಗೆದ ಸೀರೆ ನೆರಿಗೆಯ ಹಾಗೆ ಆಕಾರ ಸಡಿಲವಾಗುತ್ತದೆ. ಅಲರ್ಜಿಯ ಪ್ರತಿಕಾಯ ಐಜಿಇ ಗುರುತು ಹಿಡಿಯುವುದು ಹೆಚ್ಚಾಗಿ ಆ ಆಕಾರವನ್ನೇ. ಜೆಲ್ ಇದನ್ನು ಹೇಳಲ್ಲ. ಅದಕ್ಕೆ ಹಾಕುವ ಮೊದಲು ನಾವೇ ಎಸ್‌ಡಿಎಸ್ ಅನ್ನುವ ಡಿಟರ್ಜೆಂಟ್ ಹಾಕಿ ಕುದಿಸಿ ಬಿಚ್ಚಿರುತ್ತೇವೆ, ಅಲ್ವಾ? ಇ. ಕೋಲಿ, ಯೀಸ್ಟ್ ಎರಡರ ಪ್ರೋಟೀನೂ ಅದೇ ಬಫರ್‌ಗೆ ಬಿದ್ದಿತ್ತು. ನೀವು ಟ್ರಿಸ್ ಬಫರ್‌ಗೆ 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ. ಫಾಸ್ಫೇಟ್ ಬಫರ್ ಬೇಡ, ಕ್ಯಾಲ್ಸಿಯಂ ತಳಕ್ಕೆ ಕೂರುತ್ತದೆ. ಆಕಾರ ಸರಿ ಇದೆಯಾ ಅಂತ ಸಿಡಿ (ಸರ್ಕ್ಯುಲರ್ ಡೈಕ್ರೋಯಿಸಮ್) ಸ್ಪೆಕ್ಟ್ರಮ್ ತೆಗೆಸಿ ನೋಡಿದ ಮೇಲೇ ಸೀರಂ ಮುಟ್ಟಿ.

ಇನ್ನು "ಪರೀಕ್ಷೆಗೂ ಚಿಕಿತ್ಸೆಗೂ ಆಗುವಂಥದ್ದು" ಅಂತ ಕೇಳಿದ್ದೀರಿ. ಅದನ್ನು ನಾನು ಒಪ್ಪಲ್ಲ. ಪರೀಕ್ಷೆಗೆ ಐಜಿಇ ಗಟ್ಟಿಯಾಗಿ ಹಿಡಿಯಬೇಕು, ಚಿಕಿತ್ಸೆಗೆ ಹಿಡಿಯಬಾರದು. ವಿಯೆನ್ನಾದ ಸಂಶೋಧಕರು 2002ರಲ್ಲಿ ಕಾರ್ಪ್ ಮೀನಿನ ಪಾರ್ವಾಲ್ಬುಮಿನ್ ಅನ್ನು ಇ. ಕೋಲಿಯಲ್ಲೇ ಮಾಡಿದರು. 2007ರಲ್ಲಿ ಅದೇ ಪ್ರೋಟೀನಿನ ಕ್ಯಾಲ್ಸಿಯಂ ಹಿಡಿಯುವ ಜಾಗಗಳನ್ನು ಬೇಕೆಂದೇ ಕೆಡಿಸಿ, ಚಿಕಿತ್ಸೆಗೆ ಅಂತ ಕಡಿಮೆ ಅಲರ್ಜಿ ಉಂಟುಮಾಡುವ ರೂಪ ತಂದರು. ನಾನು ಗೊತ್ತಿಲ್ಲದೆ ಮಾಡಿದ್ದನ್ನು ಅವರು ಗೊತ್ತಿದ್ದು ಮಾಡಿದರು, ಅಷ್ಟೇ. ಎಂ.ಎಸ್ಸಿ.ಗೆ ಪರೀಕ್ಷೆಯದು ಒಂದೇ ಇಟ್ಟುಕೊಳ್ಳಿ. ಇ. ಕೋಲಿಯಿಂದ ಬಂದದ್ದರಲ್ಲಿ ಎಂಡೋಟಾಕ್ಸಿನ್ ಅನ್ನುವ ಬ್ಯಾಕ್ಟೀರಿಯಾದ ವಿಷ ಇರುತ್ತದೆ, ಸ್ನೇಹಿತರ ಚರ್ಮದ ಮೇಲೆ ಚುಚ್ಚಿ ನೋಡುವ ಸಾಹಸ ಬೇಡ.

ಸೀರಂ ಆರಿಸುವಾಗ ಒಂದು ಮಾತು. ಕರಾವಳಿಯಿಂದ ಇಲ್ಲಿಗೆ ಬರುವ ಬಂಗುಡೆ ದಾರಿಯಲ್ಲಿ ಐಸ್ ಕಡಿಮೆಯಾದರೆ ಅದರಲ್ಲಿ ಹಿಸ್ಟಮಿನ್ ಏರುತ್ತದೆ. ತಿಂದವರ ಮುಖ ಕೆಂಪಾಗುತ್ತದೆ, ಮೈ ಕಡಿತ ಬರುತ್ತದೆ. ಅದು ಅಲರ್ಜಿ ಅಲ್ಲ. ಮೀನಿಗೆ ಐಜಿಇ ಇದೆ ಅಂತ ವೈದ್ಯರ ವರದಿ ಇರುವವರ ಸೀರಂ ಮಾತ್ರ, ಎಥಿಕ್ಸ್ ಕಮಿಟಿ ಒಪ್ಪಿಗೆ ಪಡೆದು ತಗೊಳ್ಳಿ. ಅವರಲ್ಲೂ ಕೆಲವರಿಗೆ ಅಲರ್ಜಿ ಮೀನಿನ ಬೇರೆ ಪ್ರೋಟೀನುಗಳಾದ ಎನೊಲೇಸ್, ಆಲ್ಡೊಲೇಸ್ ಅಥವಾ ಕೊಲಾಜನ್‌ಗೆ ಇರುತ್ತದೆ. ಅಂಥವರ ಸೀರಂ ನಿಮ್ಮ ಪಾರ್ವಾಲ್ಬುಮಿನ್ ಅನ್ನು ಹಿಡಿಯದಿದ್ದರೆ ಬಫರ್ ಬೈಯಬೇಡಿ.