ಮೈಕ್ರಾನ್ ಎಂದರೆ ಎಷ್ಟು ತೆಳು?

ಪ್ರಶ್ನೆ: ಪ್ಲಾಸ್ಟಿಕ್ ಚೀಲ 120 ಮೈಕ್ರಾನಿಗಿಂತ ತೆಳುವಾಗಿರಬಾರದು ಎಂದು ಓದಿದ್ದೇನೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಎಂಬುದು ಗೊತ್ತಿದ್ದರೂ ಅದು ಕಣ್ಣಿಗೆ ಕಟ್ಟುವುದಿಲ್ಲ. ಮನೆಯಲ್ಲಿರುವ ವಸ್ತುಗಳಿಂದಲೇ ಅಂದಾಜು ಮಾಡಬಹುದೇ?

ಉತ್ತರ: ಖಂಡಿತ ಮಾಡಬಹುದು. ತೆಳುವಾದ ವಸ್ತು ಒಂದೇ ಇದ್ದಾಗ ಅಳತೆಗೆ ಸಿಗುವುದಿಲ್ಲ. ಅಂಥವನ್ನು ಒಂದರ ಮೇಲೊಂದು ಪೇರಿಸಿ, ಒಟ್ಟು ದಪ್ಪವನ್ನು ಅಳೆದು, ಎಣಿಕೆಯಿಂದ ಭಾಗಿಸಬೇಕು. ಜೆರಾಕ್ಸ್ ಅಂಗಡಿಗಳಲ್ಲಿರುವ 500 ಹಾಳೆಗಳ ಎ4 ಕಟ್ಟಿನ ಪಕ್ಕದಲ್ಲಿ ಮಕ್ಕಳ ಸ್ಕೇಲನ್ನು ನಿಲ್ಲಿಸಿ ನೋಡಿದರೆ ಅದರ ದಪ್ಪ ಸುಮಾರು 50 ಮಿಲಿಮೀಟರ್ ಇರುತ್ತದೆ. ಅಂದರೆ ಒಂದು ಹಾಳೆ 0.1 ಮಿಲಿಮೀಟರ್, ಎಂದರೆ 100 ಮೈಕ್ರಾನ್. ನೀವು ಕೇಳಿದ 120 ಮೈಕ್ರಾನ್ ಈ ಹಾಳೆಗಿಂತ ತುಸುವೇ ದಪ್ಪ. ಹೋಲಿಕೆಗೆ ತಲೆಗೂದಲನ್ನು ಹೇಳುವವರುಂಟು. ಕೂದಲಿನ ದಪ್ಪ ಒಬ್ಬರಿಂದೊಬ್ಬರಿಗೆ ಬಹಳ ಬದಲಾಗುವುದರಿಂದ ನಾನು ಹಾಳೆಯನ್ನೇ ನೆಚ್ಚುತ್ತೇನೆ.

120 ಮೈಕ್ರಾನಿನ ಮಿತಿ ಕೇಂದ್ರ ಸರ್ಕಾರದ್ದು. ಅದು 2022ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಕರ್ನಾಟಕದ 2016ರ ಮಾರ್ಚ್ ತಿಂಗಳ ಅಧಿಸೂಚನೆಯಾದರೋ ಪ್ಲಾಸ್ಟಿಕ್ ಕ್ಯಾರಿಬ್ಯಾಗನ್ನು ಅದರ ದಪ್ಪ ಎಷ್ಟೇ ಇರಲಿ, ನಿಷೇಧಿಸಿದೆ.

ಇನ್ನು ಚೀಲವನ್ನು ಅಳೆಯುವ ಬಗೆ. ಅಂಚಿನ ಬೆಸುಗೆಯನ್ನು ಕತ್ತರಿಸಿ ಎರಡು ಪದರಗಳನ್ನು ಬೇರೆ ಮಾಡಿ. ಇದನ್ನು ಮರೆತರೆ ಲೆಕ್ಕ ಇಮ್ಮಡಿಯಾಗುತ್ತದೆ. ಒಂದು ಪದರದಿಂದ ಬೆಂಕಿಪೆಟ್ಟಿಗೆಯಗಲದ 32 ತುಂಡುಗಳನ್ನು ಕತ್ತರಿಸಿ ಪೇರಿಸಿ, ನಡುವೆ ಗಾಳಿ ನಿಲ್ಲದಂತೆ ಬೆರಳಿನಿಂದ ಒತ್ತಿ ಹಿಡಿಯಿರಿ. ಪಕ್ಕದಲ್ಲಿ ಉಬ್ಬಕ್ಷರಗಳಿಲ್ಲದ ಐದು ಎಟಿಎಂ ಕಾರ್ಡುಗಳನ್ನು ಜೋಡಿಸಿಡಿ. ಒಂದು ಕಾರ್ಡಿನ ದಪ್ಪ 0.76 ಮಿಲಿಮೀಟರ್ ಎಂದು ಜಗತ್ತಿನಾದ್ಯಂತ ನಿಗದಿಯಾಗಿರುವುದರಿಂದ ಐದಕ್ಕೆ 3.8 ಮಿಲಿಮೀಟರ್ ಆಗುತ್ತದೆ. 120 ಮೈಕ್ರಾನಿನ 32 ತುಂಡುಗಳೂ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಬರಬೇಕು. ಒತ್ತಿ ಹಿಡಿದ 32 ತುಂಡುಗಳು ಒಂದೇ ಕಾರ್ಡಿನಷ್ಟು ಎತ್ತರಕ್ಕೂ ಬಾರದಿದ್ದರೆ ಆ ಚೀಲ 24 ಮೈಕ್ರಾನನ್ನೂ ಮುಟ್ಟಿಲ್ಲವೆಂದು ತಿಳಿಯಿರಿ. ಇಷ್ಟು ತೆಳುವಾದ ಚೀಲಗಳೇ ಬೇಗ ಹರಿದು, ಗಾಳಿಗೆ ಹಾರಿ, ಆಯುವವರ ಕೈಗೂ ಸಿಗದೆ ಚರಂಡಿ ಸೇರುತ್ತವೆ.

ಆದರೆ 110 ಮೈಕ್ರಾನಿಗೂ 120ಕ್ಕೂ ಇರುವ ವ್ಯತ್ಯಾಸ ಈ ವಿಧಾನದಲ್ಲಿ ಕಾಣುವುದಿಲ್ಲ. ಅಷ್ಟು ನಿಖರತೆ ಬೇಕಾದರೆ ಹತ್ತಿರದ ಪಿಯು ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕರನ್ನು ಕೇಳಿಕೊಳ್ಳಿ. ಅವರ ಪ್ರಯೋಗಾಲಯದ ಸ್ಕ್ರೂಗೇಜಿನ ಕನಿಷ್ಠ ಅಳತೆ ಸಾಮಾನ್ಯವಾಗಿ 0.01 ಮಿಲಿಮೀಟರ್, ಅಂದರೆ 10 ಮೈಕ್ರಾನ್. ಅಲ್ಲಿಗೂ ಒಂದೇ ತುಂಡಿನ ಬದಲು ಹತ್ತು ತುಂಡುಗಳನ್ನು ಒಯ್ಯಿರಿ.